ಮಣ್ಣಿನ ದಿನ ಬಿಟ್ಟು

ಹೋದ ತಿಂಗಳು ತಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಭಾಲ್ಕಿಗೆ ಹೋಗಿದ್ದೆ. ಸ್ಟೇಷನ್ನಿನಲ್ಲಿ ಇಳಿದು ಆಟೊ ಹತ್ತಿದರೆ, ಅವನು ಚರ್ಚಿಗೆ ಹೋಗುವ ನೆಟ್ಟನೆಯ ದಾರಿ ಬಿಟ್ಟು ದವಸದ ಮಾರುಕಟ್ಟೆ ಇರುವ ಗಂಜ್ ಕಡೆ ತಿರುಗಿಸಿದ. ಆ ಕಡೆ ಬೇಡಪ್ಪ ಅನ್ನುವಷ್ಟರಲ್ಲಿ ವಾಸನೆ ಬಂದೇಬಿಟ್ಟಿತು. ಹೊಸ ಸೋಯಾ, ಹಳೆಯ ಗೋಣಿಚೀಲ, ಮೇಲೆ ಬೆಳಿಗ್ಗೆ ಬಿದ್ದ ನಾಲ್ಕು ಹನಿ ಮಳೆ. ಈ ಮೂರೂ ಸೇರಿದಾಗ ಏಳುವ ಹುಳಿ ಕಮಟು ನಮ್ಮ ಕಡೆಯ ಅಕ್ಟೋಬರ್ ತಿಂಗಳಿನದು. ಬೇರೆಲ್ಲೂ ನಾನದನ್ನು ಮೂಸಿಲ್ಲ, ಮೂಸುವ ಆಸೆಯೂ ಇಲ್ಲ. ಆಟೊದವನು ಹಿಂದಕ್ಕೆ ತಿರುಗಿ, "ಯಾಕ್ರಿ ಅಮ್ಮಾ, ಮೂಗು ಮುಚ್ಚಕೊಂಡ್ರಿ? ಧೂಳ ಬಂತೇನ್ರಿ?" ಎಂದ. ಹೌದಪ್ಪ, ಧೂಳು ಎಂದೆ. ವಯಸ್ಸಾದವರಿಗೆ ಇದೊಂದು ಅನುಕೂಲ, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಆ ಗಂಜ್‌ನ ಹಮಾಲರ ಯೂನಿಯನ್ನಿನಲ್ಲಿ ನಾನು ಹದಿನೆಂಟು ವರ್ಷ ಸೆಕ್ರೆಟರಿ ಆಗಿದ್ದೆ. ಹೆಸರಿಗೆ ಸೆಕ್ರೆಟರಿ, ಮಾಡಿದ್ದು ಬರವಣಿಗೆ. ನಮ್ಮ ಮನೆ ಬೀದರಿನ ಚಿದ್ರಿಯಲ್ಲಿ. ಅವ್ವ ಮಿಷನ್ನಿನವರ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಬೇರೆ ಆಸ್ತಿ ಮಾಡದಿದ್ದರೂ ಮಗಳ ಅಕ್ಷರ ಮಾತ್ರ ದುಂಡಗೆ ಇರಬೇಕೆಂದು ಬಾರುಕೋಲು ಹಿಡಿದು ಕೂತು ಬರೆಸಿದ್ದಳು. ಆ ದುಂಡಕ್ಷರವೇ ನನ್ನನ್ನು ಚೀಲ ಹೊರುವವರ ನಡುವೆ ತಂದು ಕೂರಿಸಿತು. ದಿನಾ ಮುಂಜಾನೆ ಬೀದರಿನಿಂದ ರೈಲು ಹತ್ತುವುದು, ಸಂಜೆ ಮರಳುವುದು. ಗಂಜ್‌ನ ಹಿಂದೆ ತಗಡಿನ ಒಂದು ಖೋಲಿ, ಅದರಲ್ಲಿ ಒಂದು ಮೇಜು, ಒಂದು ಗೋಡೆ ಗಡಿಯಾರ, ಬಾಬಾಸಾಹೇಬರ ಪಟ. ಯೂನಿಯನ್ನಿನಲ್ಲಿ ಎಲ್ಲ ಜಾತಿಯವರೂ ಇದ್ದರು. ಅಧ್ಯಕ್ಷ ಮಾಣಿಕರಾವ್ ಬೌದ್ಧ, ಸೆಕ್ರೆಟರಿ ನಾನು ಕ್ರೈಸ್ತಳು, ಉಳಿದವರು ಅವರವರ ದೇವರ ಮಕ್ಕಳು. ಚೀಲಕ್ಕೆ ಮಾತ್ರ ಜಾತಿ ಇರಲಿಲ್ಲ. ಅದು ಎಲ್ಲರ ಬೆನ್ನನ್ನೂ ಒಂದೇ ರೀತಿ ಬಗ್ಗಿಸುತ್ತಿತ್ತು.

ಯೂನಿಯನ್ನಿಗೆ ಬಹಳ ನಿಯಮಗಳಿದ್ದವು. ಬರೆದವು ಬರೆದಂತೆಯೇ ಉಳಿದವು, ಪಾಲಿಸಿದವರು ಕಡಿಮೆ. ಬರೆಯದ ಒಂದು ನಿಯಮವನ್ನು ಮಾತ್ರ ಯಾರೂ ಮುರಿದಿರಲಿಲ್ಲ. ಬಹಳ ಹಿಂದೆ, ಯೂನಿಯನ್ ಅನ್ನುವುದು ಹುಟ್ಟುವ ಮೊದಲು, ಒಬ್ಬ ಹಮಾಲನ ಮೇಲೆ ಒಟ್ಟಿದ ಚೀಲಗಳ ಥಪ್ಪಿ ಕುಸಿದು ಅವನು ಅಲ್ಲೇ ಸತ್ತನಂತೆ. ಹೆಣದ ಮೇಲೆ ತಾಡಪತ್ರಿ ಹೊದಿಸಿ, ಅದರ ಪಕ್ಕದಲ್ಲೇ ಅವನ ಜೊತೆಗಾರರ ಕೈಯಿಂದ ಲಾರಿ ತುಂಬಿಸಿದರಂತೆ. ತುಂಬಿದವರಲ್ಲಿ ಭಾತಂಬ್ರಾದ ತುಕ್ಕಪ್ಪನೂ ಒಬ್ಬ. ಆ ದಿನದ ನಾಚಿಕೆಯಿಂದಲೇ ಯೂನಿಯನ್ ಹುಟ್ಟಿತು ಎಂದು ತುಕ್ಕಪ್ಪ ಕಾಕಾ ಮುದುಕನಾದ ಮೇಲೂ ಹೇಳುತ್ತಿದ್ದ. ಅಂದಿನಿಂದ ನಮ್ಮವರಲ್ಲಿ ಒಬ್ಬರು ಹೋದ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಅವರನ್ನು ಮಣ್ಣು ಮಾಡುವ ತನಕ ಗಂಜ್‌ನಲ್ಲಿ ಯಾರೂ ಚೀಲಕ್ಕೆ ಕೊಕ್ಕೆ ಹಾಕುವುದಿಲ್ಲ. ಸತ್ತವರ ಮನೆಯವರು ಅನ್ನ ಮುಟ್ಟುವುದಿಲ್ಲ. ಸತ್ತವನು ಕೆಲಸ ಬಿಟ್ಟ ಮುದುಕನಾದರೂ ಸರಿ, ನಿನ್ನೆ ಸೇರಿದ ಹುಡುಗನಾದರೂ ಸರಿ.

ನಾನು ಸೆಕ್ರೆಟರಿ ಆಗಿದ್ದಾಗ ಒಂದು ವರ್ಷ, ಭಾಲ್ಕಿ ಕಡೆ ದೊಡ್ಡ ಸೋಯಾ ಕಂಪನಿ ಬರುತ್ತದೆ ಎಂಬ ಸುದ್ದಿ ಜೂನ್ ತಿಂಗಳಿನಿಂದಲೇ ಹಾರಾಡತೊಡಗಿತು. ಎಣ್ಣೆ ತೆಗೆಯುತ್ತಾರೆ, ಹಿಂಡಿ ಮಾಡುತ್ತಾರೆ, ಔರಾದಿನಲ್ಲಿ ಖರೀದಿ ಕೇಂದ್ರ ಇಡುತ್ತಾರೆ ಎಂದೆಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ನಮ್ಮೂರವರು ಯಾರಿಗೂ ಕಡಿಮೆಯಿಲ್ಲ. ರಸ್ತೆ ಬದಿಯ ಜಾಗಕ್ಕೆ ಬೇಲಿ ಬಿತ್ತು, ಚಹಾದ ಹೋಟೆಲಿನವನು ಇನ್ನೆರಡು ಬೆಂಚು ಮಾಡಿಸಿದ.

ನಾನು ನಗುತ್ತಿದ್ದೆ, ಹಸನು ಮಾಡುವ ಹೆಂಗಸರು ಬಂದು ಕೇಳುವ ತನಕ. ರೈತರು ತಂದ ಕಾಳನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ಕಲ್ಲು ಕಸ ತೆಗೆದು ಹಸನು ಮಾಡುವವರು ಅವರು. ಹಮಾಲರಿಗೆ ಲೈಸೆನ್ಸ್ ಉಂಟು, ಬಿಲ್ಲೆ ಉಂಟು. ಇವರಿಗೆ ಏನೂ ಇಲ್ಲ. ಯೂನಿಯನ್ನಿನಲ್ಲಿ ಸೇರಿಸಿಕೊಳ್ಳಿ ಎಂದು ನಾನು ಹತ್ತು ವರ್ಷ ಬಡಿದಾಡಿದ್ದೆ. ಗಂಡಸರು ಹೂಂ ಅನ್ನುತ್ತಿದ್ದರು, ಮುಂದಿನ ಸಭೆಗೆ ಮರೆಯುತ್ತಿದ್ದರು. ಅಷ್ಟರಲ್ಲಿ ಜರಡಿ ಹಿಡಿಯುವ ಮಶೀನುಗಳು ಒಂದೊಂದಾಗಿ ದಲಾಲರ ಅಡತಿ ಅಂಗಡಿಗಳಿಗೆ ಬಂದು ಕೂತವು. ಹೆಂಗಸರ ಕೆಲಸ ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು.

ಅವರ ಮುಂದಾಳು ಹಲಬರ್ಗಾದ ಕಮಲಾಬಾಯಿ. ತುಕ್ಕಪ್ಪ ಕಾಕಾನ ತಂಗಿ, ಗಂಡ ತೀರಿ ಬಹಳ ವರ್ಷವಾಗಿತ್ತು. ನಾನು ಹೋಗುವ ರೈಲಿಗೇ ಹಲಬರ್ಗಾದಲ್ಲಿ ಹತ್ತಿ, ಜಾಗ ಇರಲಿ ಬಿಡಲಿ, ನನ್ನ ಪಕ್ಕ ತೂರಿಕೊಂಡು ಕೂರುತ್ತಿದ್ದಳು.

"ಖರೇ ಏನ್ರಿ ಬಾಯಿ, ಕಂಪನ್ಯಾಗ ಹೆಣ್ಮಕ್ಕಳಿಗಿ ತಗೋತಾರಂತ?" ಎಂದು ಒಂದು ದಿನ ಕೇಳಿದಳು. ಗಂಜ್‌ನವರೆಲ್ಲ ನನ್ನನ್ನು ಕರೆಯುತ್ತಿದ್ದದ್ದು ಬಾಯಿ ಎಂದೇ.

"ಅಂತಾರ ಕಮಲಾಬಾಯಿ. ಹಸನ ಮಾಡಾವರಿಗಿ ಮೊದಲ ತಗೋರಿ ಅಂತ ನಾ ಬರದು ಕೊಟ್ಟೀನಿ."

"ಪಗಾರ ಬಿಡ್ರಿ. ಸಂಡಾಸ ಇರ್ತದಂತಲ್ಲ?"

ನಾನು ನಕ್ಕೆ. ಅವಳು ನಗಲಿಲ್ಲ. ಇಪ್ಪತ್ತೆರಡು ವರ್ಷ ಆ ಗಂಜ್‌ನಲ್ಲಿ ದುಡಿದವಳು, ಹಗಲೆಲ್ಲ ನೀರು ಕುಡಿಯದೆ ಇರುವುದನ್ನು ರೂಢಿ ಮಾಡಿಕೊಂಡವಳು. ಅವಳಿಗೆ ಅಭಿವೃದ್ಧಿ ಅಂದರೆ ಚಿಲಕ ಇರುವ ಒಂದು ಬಾಗಿಲು. ಆ ದಿನದಿಂದ ಕಂಪನಿ ಬರಲೇಬೇಕು ಎಂದು ನನಗೂ ಅನ್ನಿಸಿತು. ಮುಂದೆ ಆದದ್ದಕ್ಕೆಲ್ಲ ಇದೇ ಬೀಜ, ಬೇರೆಯವರನ್ನು ದೂರುವುದಿಲ್ಲ.

ಮಳೆಗಾಲದ ನಡುವೆ ಬೀದರಿನಲ್ಲಿ ಒಂದು ಸಭೆ ಕರೆದರು. ವ್ಯಾಪಾರಿಗಳು, ಮುಖಂಡರು, ಕಂಪನಿಯ ಪರವಾಗಿ ಮಾತಾಡಲು ಬಂದ ಸೂಟು ಹಾಕಿದ ಒಬ್ಬರು, ಬಾಗಿಲ ಹತ್ತಿರ ಮಾಣಿಕರಾವ್ ಮತ್ತು ನಾನು. ಸೂಟಿನವರು ಮೈಸೂರು ಕಡೆಯ ನುಣುಪಾದ ಮಾತಿನಲ್ಲಿ ನಮ್ಮ ಜಿಲ್ಲೆ ಯಾಕೆ ಹಿಂದೆ ಬಿತ್ತು ಎಂದು ವಿವರಿಸಿದರು. ನೀರಿಲ್ಲದ್ದು, ಕರೆಂಟು ಹೋಗುವುದು, ಹಾಳು ರಸ್ತೆ, ಯಾವುದೂ ಅವರ ಬಾಯಲ್ಲಿ ಬರಲಿಲ್ಲ. "ನಿಮ್ಮಲ್ಲಿ ಮಾತೆತ್ತಿದರೆ ಕೆಲಸ ನಿಲ್ಲಿಸ್ತಾರೆ. ಯಾರು ಬಂಡವಾಳ ಹಾಕ್ತಾರೆ ಹೇಳಿ?" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಆದರೂ ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಕಂಪನಿಯವರು ಸುಗ್ಗಿಯಲ್ಲಿ ಗಂಜ್ ನೋಡಲು ಬರುತ್ತಾರೆ, ಅಷ್ಟರೊಳಗೆ ಯೂನಿಯನ್ ಒಂದು ಕಾಗದ ಕೊಡಬೇಕು, ಈ ಸುಗ್ಗಿ ಮುಗಿಯುವ ತನಕ ಕೆಲಸ ನಿಲ್ಲುವುದಿಲ್ಲ ಎಂದು, ಇದು ಸೂಟಿನವರ ಷರತ್ತು.

ಮಾಣಿಕರಾವ್ ಹೊರಗೆ ಬಂದು ಬೀಡಿ ಹಚ್ಚಿದ. ಐವತ್ತು ದಾಟಿದ ಆಳು, ಭುಜ ಆಗಲೂ ಬಾಗಿಲಿನಷ್ಟು ಅಗಲ. "ಕೊಡೂಣು ಬಾಯಿ. ನಮ್ಮಿಂದ ಕಂಪನಿ ಹೋಯ್ತು ಅನ್ನಾ ಮಾತು ಬ್ಯಾಡ," ಎಂದ.

ಕರಡು ನಾನೇ ಬರೆದೆ. "ಮಣ್ಣಿನ ದಿನ ಬಿಟ್ಟು, ಸುಗ್ಗಿ ಮುಗಿಯುವ ತನಕ ಯಾವ ಕಾರಣಕ್ಕೂ ಕೆಲಸ ನಿಲ್ಲಿಸುವುದಿಲ್ಲ." ಓದಿ ಹೇಳಿದೆ. ಮಾಣಿಕರಾವ್ ಕುಳಿತಲ್ಲಿಂದ ಎದ್ದೇಬಿಟ್ಟ.

"ಸುಗ್ಗಿ ಬಾಯಾಗ ಸಾವು ಬರೀತೀರೇನ್ರಿ ಬಾಯಿ? ತೆಗೀರಿ ಅದಕ."

"ಅಲ್ಲ ಮಾಣಿಕಣ್ಣ, ನಾಳಿ ಯಾರಿಗರ ಏನರ ಆದ್ರ?"

"ಆದ್ರ ಆಯ್ತು. ಅದು ಕಾಗದದಾಗ ಬರಿಯಾ ಮಾತಲ್ಲ. ಮಣ್ಣಿನ ದಿನ ಕೆಲಸ ಇರಲ್ಲಂತ ಯಾರಿಗಿ ಗೊತ್ತಿಲ್ಲ? ದನಾ ಕಾಯಾಂವಗೂ ಗೊತ್ತದ."

ಸುತ್ತ ಕೂತವರೂ ಮುಖ ಗಂಟಿಕ್ಕಿದರು. ಮದುವೆ ಚೀಟಿಯಲ್ಲಿ ವಿಧವೆ ಎಂದು ಬರೆದಷ್ಟು ಅಪಶಕುನ ಅವರಿಗೆ. ನಮ್ಮ ಚರ್ಚಿನ ಪಾದ್ರಿ ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಬೈಯುತ್ತಿದ್ದರು, ನಾನೂ ಬೈಯುತ್ತಿದ್ದೆ. ಆದರೆ ಅಂದು ನನಗೆ ವಾದ ಬೇಡವಾಗಿತ್ತು. ಮೂರು ಪದಗಳನ್ನು ಹೊಡೆದುಹಾಕಿ ಶುದ್ಧಪ್ರತಿ ಬರೆದೆ. "ಯಾವ ಕಾರಣಕ್ಕೂ" ಅನ್ನುವುದು ದುಂಡಗೆ, ಒಂಟಿಯಾಗಿ ಉಳಿಯಿತು.

ಔರಾದಿನ ಹಮಾಲರಿಂದಲೂ ಇಂಥದೇ ಕಾಗದ ತನ್ನಿ ಎಂದಿದ್ದರು. ಮಾಣಿಕರಾವ್, ನಾನು ಒಂದು ಮಂಗಳವಾರ ಬಸ್ಸು ಹತ್ತಿದೆವು. ದಾರಿ ಉದ್ದಕ್ಕೂ ಸೊಂಟ ಮುರಿಯುವ ಗುಂಡಿಗಳು, ಎರಡೂ ಕಡೆ ಸೋಯಾ ಕಾಯಿ ಕಟ್ಟಿ ಹಳದಿಗೆ ತಿರುಗುತ್ತಿತ್ತು. ಅಲ್ಲಿನ ಹಿರಿಯ ಹಮಾಲ ಶರಣಪ್ಪ ನಮಗೆ ಚಹಾ ತರಿಸಿದ, ಕಾಗದವನ್ನು ತನ್ನ ಸೊಸೆಯ ಕೈಲಿ ಓದಿಸಿ ಕಣ್ಣು ಮುಚ್ಚಿ ಕೇಳಿದ.

"ಇದರಾಗ ಮಣ್ಣಿನ ಮಾತು ಎಲ್ಲಿ ಅದ?"

"ಅದು ಎಲ್ಲಾರಿಗೂ ಗೊತ್ತಿದ್ದದ್ದೇ ಅಲ್ಲೇನೋ ಅಣ್ಣಾ," ಎಂದ ಮಾಣಿಕರಾವ್.

"ನಿನಗ ಗೊತ್ತು, ನನಗ ಗೊತ್ತು. ಕಂಪನಿಗಿ ಯಾರು ಹೇಳ್ಯಾರ?" ಶರಣಪ್ಪ ಕಾಗದ ಮಡಚಿ ನನ್ನ ಕೈಗಿಟ್ಟ. "ಬಾಯಿ, ಸಿಟ್ಟಾಗಬ್ಯಾಡ್ರಿ. ಕಂಪನಿ ಕಾಗದ ನೋಡಿ ಬರಲ್ಲ. ನೀರ ನೋಡಿ ಬರ್ತದ, ರೈಲ ನೋಡಿ ಬರ್ತದ. ಇದು ಅವರಿಗಿ ಊಟ ಆದಮ್ಯಾಲಿನ ಎಲಿ. ಜಗದು ಉಗುಳತಾರ. ನಾ ಹೆಬ್ಬಟ್ಟು ಒತ್ತಲ್ಲ."

ಬಸ್ಸಿನಲ್ಲಿ ಮರಳುವಾಗ ಮುದುಕನಿಗೆ ಹಟ ಎಂದು ನಾನು, ಔರಾದಿನವರೇ ಹಾಗೆ ಎಂದು ಮಾಣಿಕರಾವ್. ನಮ್ಮ ಯೂನಿಯನ್ನಿನ ಕಾಗದವನ್ನಷ್ಟೇ ಕೊಟ್ಟೆವು.

ಸೋಯಾ ಬಂತು. ಆ ವರ್ಷ ಮಳೆ ಹೋದ ಹಾಗೆ ಮಾಡಿ ಹೋಗಲಿಲ್ಲ. ಮಧ್ಯಾಹ್ನದ ತನಕ ಸುಡುಬಿಸಿಲು, ಸಂಜೆಗೆ ಭಾತಂಬ್ರಾ ಕಡೆಯಿಂದ ಕರಿಮೋಡ. ರೈತರು ಅರೆ ಒಣಗಿದ ಕಾಳನ್ನೇ ತುಂಬಿಕೊಂಡು ಓಡಿ ಬರುತ್ತಿದ್ದರು. ಕಟ್ಟೆಯ ಮೇಲೆ ಹರಡುವುದು, ಮೋಡ ಕಂಡರೆ ಬಾಚುವುದು, ಮತ್ತೆ ಹರಡುವುದು. ಹಮಾಲರ ಬೆನ್ನಿನ ಬೆವರಿಗೆ ಸೋಯಾ ಹೊಟ್ಟು ಅಂಟಿ ತುರಿಕೆ ಎದ್ದು, ಮೈಯೆಲ್ಲ ಕೆಂಪು ಗೆರೆ. ನಾನಂತೂ ಬೆಳಿಗ್ಗೆಯಿಂದ ಸಂಜೆಯ ತನಕ ಜಗಳ ಬಿಡಿಸುವುದರಲ್ಲೇ ದಣಿಯುತ್ತಿದ್ದೆ. ಕಂಪನಿಯವರು ಗುರುವಾರ ಹನ್ನೊಂದು ಗಂಟೆಗೆ ಬರುತ್ತಾರೆ ಎಂದು ಸೋಮವಾರ ಹೇಳಿಕಳಿಸಿದರು. ಬುಧವಾರ ಇಡೀ ದಿನ ಗಂಜ್ ಗುಡಿಸಿದರು. ಅಷ್ಟು ವರ್ಷದಲ್ಲಿ ಆ ನೆಲದ ಬಣ್ಣ ನಾನು ನೋಡಿದ್ದು ಅಂದೇ.

ಗುರುವಾರ ಮುಂಜಾನೆ ರೈಲು ಬೀದರ ಬಿಟ್ಟು ಸ್ವಲ್ಪ ದೂರ ಹೋಗಿರಬೇಕು, ಫೋನು ಬಂತು. ಭಾತಂಬ್ರಾದ ಅನಿಲ, ತುಕ್ಕಪ್ಪ ಕಾಕಾನ ಮಗ.

"ಬಾಯಿ, ನಮ್ಮಪ್ಪ ಹೋದ್ರಿ. ಏಳಕ್ಕ ಹೋದ. ಚಹಾ ಕುಡದು ಗ್ವಾಡಿಗಿ ಒರಗಿದ್ದ, ಹಂಗೇ ಹೋಗಿಬಿಟ್ಟ. ಗಂಜ್‌ನ್ಯಾಗ ಹೇಳ್ರಿ. ಕಮಲತ್ತಿಗೂ ನೀವೇ ಹೇಳ್ರಿ, ಆಕಿ ಹತ್ರ ಫೋನ್ ಇಲ್ಲ."

ಅಯ್ಯೋ ಎಂದೆ. ನಿಜವಾಗಿ ಮರುಗಿಯೇ ಅಂದೆ. ಆದರೆ ಅಯ್ಯೋ ಅನ್ನುತ್ತಿರುವಾಗಲೇ ತಲೆಯಲ್ಲಿ ಲೆಕ್ಕ ನಡೆದಿತ್ತು. ಹನ್ನೊಂದಕ್ಕೆ ಬರುತ್ತಾರೆ, ಒಂದಕ್ಕೆಲ್ಲ ಹೋಗುತ್ತಾರೆ. ಎರಡಕ್ಕೆ ಗಾಡಿ ಮಾಡಿಕೊಂಡು ಹೊರಟರೆ ಭಾತಂಬ್ರಾ ಏನು ದೂರ.

"ಮಣ್ಣು ಎಷ್ಟೊತ್ತಿಗಪ್ಪ?"

"ಐದಕ್ಕ ಮಾಡಬೇಕಂತ ಅದ."

"ಐದಕ್ಕೇ ಮಾಡ್ರಿ. ಎರಡರ ತನಕ ಗಂಜ್‌ಗಿ ಬ್ಯಾರೆ ಯಾರಿಗೂ ಸುದ್ದಿ ಕಳಸಬ್ಯಾಡ. ನಾನೇ ಎಲ್ಲಾರಿಗಿ ಕರಕೊಂಡು ಬರ್ತೇನಿ, ಅತ್ತಿಗೂ ಕರಕೊಂಡು ಬರ್ತೇನಿ."

ಅವನು ಆಯ್ತ್ರಿ ಎಂದ. ಯಾಕೆ ಎಂದು ಕೇಳಲಿಲ್ಲ. ಓದಿದ ಹೆಂಗಸು, ಏನೋ ಕಾರಣ ಇರುತ್ತದೆ ಎಂದುಕೊಂಡಿರಬೇಕು. ನಾನು ಮಾಣಿಕರಾವ್‌ಗೆ ಫೋನು ಮಾಡಬಹುದಿತ್ತು. ಮಾಡಿದ್ದರೆ ಅವನು ಆ ಕ್ಷಣವೇ ಕೊಕ್ಕೆ ಕೆಳಗಿಡುತ್ತಿದ್ದ, ಅದಕ್ಕೇ ಮಾಡಲಿಲ್ಲ.

ಹಲಬರ್ಗಾ ಬಂತು. ಕಮಲಾಬಾಯಿ ಹತ್ತಿದಳು. ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. "ಹ್ಯಾಂಗ ಕಾಣ್ತೇನಿ? ಸಾಯಬರು ನಾಪಾಸ ಮಾಡಲ್ಲಲ್ಲ?" ಎಂದು ನಕ್ಕಳು. ಚಂದ ಕಾಣ್ತಿ ಎಂದೆ. ಕಿಟಕಿಯ ಹೊರಗೆ ನೋಡುತ್ತ ಕೂತೆ. ಎಷ್ಟೋ ವರ್ಷಗಳಿಂದ ನೋಡಿದ ಹೊಲಗಳೇ, ಅಂದು ಮುಗಿಯಲೊಲ್ಲವು.

ಹನ್ನೊಂದಾಯಿತು, ಯಾರೂ ಬರಲಿಲ್ಲ. ಹನ್ನೆರಡಾಯಿತು. ಬೀದರಿನಲ್ಲಿ ಕೋಟೆ ನೋಡುತ್ತಿದ್ದಾರಂತೆ, ಊಟ ಮುಗಿಸಿ ಬರುತ್ತಾರಂತೆ ಎಂದು ಸುದ್ದಿ. ಹೆಂಗಸರು ನೆರಳಿಗೆ ಕೂತು ಬುತ್ತಿ ಬಿಚ್ಚಿದರು. ಕಮಲಾಬಾಯಿ ನನ್ನನ್ನು ಎಳೆದು ಕೂರಿಸಿಕೊಂಡಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವಳು ತಿಂದಳು. ನನಗೂ ಒಂದು ರೊಟ್ಟಿ ಮುರಿದು ಕೊಟ್ಟಳು. ತಡೆಯುವುದಾದರೆ ಆಗಲೇ ತಡೆಯಬೇಕಿತ್ತು. ಅಣ್ಣನ ಹೆಣ ಮನೆಯಲ್ಲಿರುವಾಗ ತಂಗಿ ರೊಟ್ಟಿ ತಿನ್ನುತ್ತಿದ್ದಾಳೆ ಎಂದು ಗೊತ್ತಿದ್ದೂ ನಾನು ಆ ರೊಟ್ಟಿ ತೆಗೆದುಕೊಂಡೆ. ನೀರು ಕುಡಿದು ನುಂಗಿದೆ.

ಎರಡಾಯಿತು. ಈಗ ಹೇಳಿಬಿಡಲೇ ಎಂದು ಎದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಗಾಡಿ ನಿಂತಿತು. ಇನ್ನೊಂದು ತಾಸು, ಎಂದು ಕೂತೆ.

ಮೂವರು ಬಂದರು. ಹಿರಿಯರು ಒಬ್ಬರು, ಹಿಂದಿ ಮಾತು, ಒಳ್ಳೆಯ ಮನುಷ್ಯರ ಹಾಗೆಯೇ ಇದ್ದರು. ಹಮಾಲರು ಅಂದು ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಕೊಕ್ಕೆ ಹಾಕಿದ್ದು ಕಾಣದು, ಚೀಲ ಬೆನ್ನಿಗೇರಿದ್ದು ಕಾಣದು, ಲಾರಿ ತುಂಬಿದ್ದಷ್ಟೇ ಕಾಣುತ್ತಿತ್ತು. ಮಾಣಿಕರಾವ್ ತಾನೂ ಚೀಲ ಹೊರುತ್ತ ಕೂಗಿ ಕೂಗಿ ದುಡಿಸುತ್ತಿದ್ದ. ಸಾಹೇಬರು ಹೆಂಗಸರ ಕಡೆ ಬಂದರು. ಜೊತೆಯವನ ಕೈಯಲ್ಲಿ ಕಾಳಿನ ಹಸಿ ಅಳೆಯುವ ಮಶೀನು. ಕಮಲಾಬಾಯಿ ಒಂದು ಕಾಳು ಬಾಯಿಗೆ ಹಾಕಿ ಕಟಕ್ಕನೆ ಕಡಿದು, "ಇನ್ನಾ ಎರಡು ಬಿಸಲು ಬೇಕ್ರಿ ಇದಕ," ಎಂದಳು. ಪಕ್ಕದ ರಾಶಿಯದನ್ನು ಕಡಿದು, "ಇದು ನಡೀತದ," ಎಂದಳು. ನಾನು ಹಿಂದಿಯಲ್ಲಿ ಹೇಳಿದೆ. ಅವರು ಮಶೀನು ಇಟ್ಟು ನೋಡಿದರು. ಎರಡೂ ಸರಿ. ಸಾಹೇಬರು ನಕ್ಕು ಜೊತೆಯವನಿಗೆ, ಈ ಹೆಂಗಸು ನಮಗೆ ಬೇಕು ಎಂದರು. ಅದನ್ನು ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಕಮಲಾಬಾಯಿಗೆ ಅಷ್ಟು ಹಿಂದಿ ಬರುತ್ತಿತ್ತು. ಅವಳು ನನ್ನ ಕಡೆ ನೋಡಿದ ನೋಟದಲ್ಲಿದ್ದ ಸುಖ ನನಗೆ ಈವತ್ತಿಗೂ ತಡೆದುಕೊಳ್ಳಲಾಗದು.

ಅದೇ ಹೊತ್ತಿಗೆ ಭಾತಂಬ್ರಾದ ಒಂದು ಟೆಂಪೊ ಸೋಯಾ ತುಂಬಿಕೊಂಡು ಒಳಗೆ ಬಂತು. ಡ್ರೈವರ್ ತಲೆ ಹೊರಗೆ ಹಾಕಿ, "ಏ ಮಾಣಿಕಣ್ಣಾ, ಇನ್ನಾ ಇಲ್ಲೇ ಇದ್ದೀರಿ? ತುಕ್ಕಪ್ಪ ಕಾಕಾನ ಮಣ್ಣು ಐದಕ್ಕ ಅದಲ್ಲೋ!" ಎಂದು ಕೂಗಿದ.

ಮಾಣಿಕರಾವ್ ಬೆನ್ನ ಮೇಲಿನ ಚೀಲವನ್ನು ನಿಧಾನ ಇಳಿಸಿದ. ಕೊಕ್ಕೆ ಕೆಳಗಿಟ್ಟ. ಅವನ ಹಿಂದಿನವನು ಇಟ್ಟ. ಅವನ ಹಿಂದಿನವನು. ಕಬ್ಬಿಣ ಕಲ್ಲಿಗೆ ತಾಗುವ ಸದ್ದಷ್ಟೇ. ಅರ್ಧ ತುಂಬಿದ ಲಾರಿ ಹಾಗೇ ನಿಂತಿತು. ಕಮಲಾಬಾಯಿ ಅಂಗೈಯಲ್ಲಿ ಕಾಳು ಹಿಡಿದುಕೊಂಡೇ, "ಯಾವ ತುಕ್ಕಪ್ಪ?" ಎಂದು ಡ್ರೈವರನ್ನು ಕೇಳಿದಳು. ಭಾತಂಬ್ರಾದಲ್ಲಿ ಹತ್ತು ಮಂದಿ ತುಕ್ಕಪ್ಪ ಇರುವ ಹಾಗೆ. ಆಮೇಲೆ ಕುಸಿದು ಕೂತಳು, ಹೆಂಗಸರು ಸುತ್ತ ನೆರೆದರು.

"ಹರತಾಳ್ ಹೈ ಕ್ಯಾ?" ಸಾಹೇಬರು ಮಾಣಿಕರಾವ್‌ನನ್ನು ಕೇಳಿದರು. ಅವನು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಸಾವಿನ ಸುದ್ದಿ ಕೇಳಿದ ಮೇಲೆ ಹೊರಗಿನವರಿಗೆ ನಿಂತು ಕಾರಣ ಒಪ್ಪಿಸುವುದು ನಮ್ಮಲ್ಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. ಹಿಂದಿ ಬಲ್ಲವಳು, ಕಾಗದ ಬರೆದವಳು ನಾನು. ಒಬ್ಬರು ತೀರಿಕೊಂಡಿದ್ದಾರೆ, ಇದು ನಮ್ಮ ಪದ್ಧತಿ ಎಂದು ಹೇಳಿದರೆ ಸಾಕಿತ್ತು. ಅವರು ಟೋಪಿ ತೆಗೆದು ಕೈ ಮುಗಿಯುತ್ತಿದ್ದರೇನೋ. ಆದರೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ, ಯಾವಾಗ ಎಂದು. ಹತ್ತು ಹೆಜ್ಜೆ ದೂರದಲ್ಲಿ ಕಮಲಾಬಾಯಿ ಕೂತಿದ್ದಳು. ನಾನು ಬಾಯಿ ತೆರೆದೆ, ಮುಚ್ಚಿದೆ. ಸಾಹೇಬರು ಸ್ವಲ್ಪ ಹೊತ್ತು ಕಾದರು. ಜೊತೆಯವನು ಫೈಲಿನಿಂದ ನಮ್ಮ ಕಾಗದ ತೆಗೆದು ತೋರಿಸಿದ. ಅವರು ನೋಡಿ, ಮಡಚಿ, ಗಾಡಿ ಹತ್ತಿದರು.

ಭಾತಂಬ್ರಾದಲ್ಲಿ ಮೋಡ ಕವಿದಿತ್ತು. ಇಡೀ ಗಂಜ್ ಅಲ್ಲಿಗೆ ಬಂದಿತ್ತು. ಕುಣಿಯ ಹತ್ತಿರ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಲು ಸಾಲು ನಿಂತಾಗ ಕಮಲಾಬಾಯಿ ಅಣ್ಣನ ಮಗನನ್ನು ಕೇಳಿದಳು.

"ಎಷ್ಟೊತ್ತಿಗಿ ಹೋದನೋ?"

"ಮುಂಜಾನಿ ಏಳಕ್ಕ ಅತ್ತಿ. ಎಂಟಕ್ಕ ಬಾಯಿಗಿ ಫೋನ್ ಮಾಡಿದ್ನಲ್ಲ. ಎರಡರ ತನಕ ಹೇಳಬ್ಯಾಡ ಅಂದ್ರು."

ಅವನು ಅಪರಾಧ ಹೊರಿಸುವ ಹಾಗೆ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಯಾರೂ ನನ್ನನ್ನು ನೋಡಲಿಲ್ಲ, ಅದೇ ಕಷ್ಟವಾಯಿತು. ಕಮಲಾಬಾಯಿ ಕೈಯಲ್ಲಿದ್ದ ಮಣ್ಣನ್ನು ನೋಡುತ್ತ, "ನಾ ರೊಟ್ಟಿ ತಿಂದೆನಲ್ಲೋ," ಎಂದಳು. ಎರಡು ಸಲ ಅಂದಳು. ನಾನು ಸಾಲಿನಿಂದ ಹಿಂದೆ ಸರಿದು ಬೇವಿನ ಗಿಡದ ಕೆಳಗೆ ನಿಂತೆ. ತುಕ್ಕಪ್ಪ ಕಾಕಾನಿಗೆ ನನ್ನ ಕೈಯ ಮಣ್ಣು ಬೀಳಲಿಲ್ಲ.

ಮರುದಿನ ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ. ಮಾಣಿಕರಾವ್ ಓದಿಸಿಕೊಳ್ಳದೆಯೇ ಹರಿದ.

"ನೀವು ಕೆಟ್ಟದಕ್ಕ ಮಾಡಿಲ್ಲ, ನನಗ ಗೊತ್ತದ. ಖರೇ ನನಗ ಒಂದ ಮಾತ ಹೇಳಬೇಕಿತ್ತು ಬಾಯಿ."

"ಹೇಳಿದ್ರ ಕೊಕ್ಕಿ ಇಡ್ತಿದ್ದಿ."

"ಇಡ್ತಿದ್ದೆ. ಇಟ್ಟು, ಅವರು ಬರಾ ಮೊದಲೇ ಫೋನ್ ಹಚ್ಚಿ ಹೇಳ್ತಿದ್ದೆ, ನಾಳಿ ಬರ್ರಿ ಅಂತ." ಅವನು ಹರಿದ ಚೂರುಗಳನ್ನು ಒಟ್ಟು ಮಾಡಿ ಮೇಜಿನ ಮೂಲೆಗಿಟ್ಟ. "ಆ ಮಣ್ಣಿನ ಮಾತು ತೆಗೀರಿ ಅಂದಾಂವ ನಾನೇ. ಬರೀರಿ ಈಗ, ಏನಾಯ್ತಂತ ಎಲ್ಲಾ ಬರೀರಿ. ಇನ್ನೊಮ್ಮಿ ಬರ್ರಿ ಅಂತ ಕೇಳೂಣು."

ಬರೆದೆ. ಸಾವು, ಪದ್ಧತಿ, ನನ್ನ ತಪ್ಪು, ಎಲ್ಲ. ಕಳ್ಳಿಯ ಹಾಗೆ ಒಂದೊಂದೇ ಒಪ್ಪಿಕೊಂಡು ಬರೆದ ಆ ಕಾಗದ ನನ್ನ ಜೀವಮಾನದಲ್ಲೇ ನೆಟ್ಟಗಿನದು. ಆಮೇಲೆ ಕಾದೆವು. ಊರಿನಲ್ಲಿ ಮಾತು ಬೆಳೆಯಿತು. ಚಹಾದ ಹೋಟೆಲಿನವನು ಹೊಸ ಬೆಂಚುಗಳ ಮೇಲೆ ಕೂತು ಹಮಾಲರಿಂದ ಊರು ಹಾಳಾಯಿತು ಎಂದ. ವ್ಯಾಪಾರಿಗಳು ಎದುರಿಗೇ ಅಂದರು. ಹಮಾಲರ ಹೆಂಡಂದಿರೂ ಬಾವಿಯ ಹತ್ತಿರ ಅಂದರಂತೆ. ಗಂಜ್‌ನಲ್ಲಿ ಕಮಲಾಬಾಯಿ ಜರಡಿ ಹಿಡಿಯುತ್ತಿದ್ದಳು, ನಾನು ಹತ್ತಿರ ಹೋದರೆ ಆ ಕಡೆ ತಿರುಗುತ್ತಿದ್ದಳು. ಹಲಬರ್ಗಾದಲ್ಲಿ ಬೇರೆ ಡಬ್ಬಿ ಹತ್ತುತ್ತಿದ್ದಳು. ಮೂರು ವಾರ ಹೀಗೇ ನಡೆಯಿತು. ಮಳೆ ಕೊನೆಗೂ ಹೋಯಿತು, ಕಾಳು ಚೆನ್ನಾಗಿ ಒಣಗಿ ಬರತೊಡಗಿತು, ಗಂಜ್‌ನಲ್ಲಿ ಯಾರಿಗೂ ಅದರ ಖುಷಿ ಇರಲಿಲ್ಲ.

ದೀಪಾವಳಿ ಕಳೆದು ಎರಡು ದಿನಕ್ಕೆ ಅಂಚೆಯವನು ಲಕೋಟೆ ಕೊಟ್ಟುಹೋದ. ನಾಲ್ಕೇ ಸಾಲು. ನಿಮ್ಮ ಪತ್ರ ತಲುಪಿತು, ತೀರಿಕೊಂಡವರಿಗೆ ನಮ್ಮ ಸಂತಾಪ. ನೀರು ಮತ್ತು ಸಾಗಣೆಯ ಅನುಕೂಲ ನೋಡಿ ಗಡಿಯಾಚೆಯ ಜಾಗವನ್ನು ಕಂಪನಿ ಮೊದಲೇ ಗೊತ್ತು ಮಾಡಿತ್ತು, ಇದಕ್ಕೂ ಆ ದಿನದ ಘಟನೆಗೂ ಸಂಬಂಧವಿಲ್ಲ. ಇದು ಖರೆಯೋ, ದೊಡ್ಡವರ ನಾಜೂಕೋ, ನನಗೆ ಈವತ್ತಿಗೂ ತಿಳಿಯದು. ಖರೆಯಾದರೆ ನಾನು ಸುದ್ದಿ ಮುಚ್ಚಿಟ್ಟದ್ದೇ ವ್ಯರ್ಥ. ಸುಳ್ಳಾದರೆ ಅಷ್ಟು ಹೆಂಗಸರ ಅನ್ನ ಕಳೆದವಳು ನಾನೇ. ಎರಡರಲ್ಲಿ ಯಾವುದನ್ನು ನಂಬಿದರೂ ನನಗೆ ಸಮಾಧಾನವಿಲ್ಲ.

ಕಾಗದ ಕೈಯಲ್ಲಿರುವಾಗಲೇ ಬಾಗಿಲಲ್ಲಿ ಕಮಲಾಬಾಯಿ ನಿಂತಿದ್ದಳು. ಒಂದು ಪ್ಲಾಸ್ಟಿಕ್ ಚೀಲದಿಂದ ತನ್ನ ಫೋಟೋ, ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ನನ್ನ ಮುಖ ನೋಡದೆ ಹೇಳಿದಳು.

"ಕಂಪನಿ ಮತ್ತ ಬರ್ತದಂತ ಮಂದಿ ಅಂತಾರ. ನನ್ನ ಹೆಸರ ಎಲ್ಲಾರಕಿಂತ ಮೊದಲ ಬರೀರಿ. ಇಷ್ಟರ ಮಾಡ್ರಿ."

ಇಲ್ಲ ಅನ್ನುವುದನ್ನು ಸಂಜೆಗೆ ಹೇಳಬಹುದಿತ್ತು. ಮಾಣಿಕರಾವ್ ಬಂದ ಮೇಲೆ, ಎಲ್ಲರಿಗೂ ಸೇರಿಸಿ ಹೇಳಬಹುದಿತ್ತು. ಒಂದು ದಿನ ಅವಳು ಆಸೆಯಲ್ಲಿರಲಿ ಎಂದು ಮನಸ್ಸು ಹೇಳುತ್ತಲೇ ಇತ್ತು. ಆ ಮನಸ್ಸಿನ ಪರಿಚಯ ನನಗೆ ಚೆನ್ನಾಗಿ ಆಗಿತ್ತು.

"ಕಂಪನಿ ಬರಲ್ಲ ಕಮಲಾಬಾಯಿ," ಎಂದೆ. "ಬ್ಯಾರೆ ಕಡಿ ಹೋಯ್ತು. ಕಾಗದ ಬಂದದ."

ಅವಳು ಈಗ ನನ್ನನ್ನು ನೋಡಿದಳು. ಕಾಗದವನ್ನಲ್ಲ, ನನ್ನನ್ನು.

"ಎಷ್ಟೊತ್ತಿಗಿ ಗೊತ್ತಾಯ್ತ್ರಿ ನಿಮಗ?"

"ಈಗ. ಹತ್ತು ನಿಮಿಷ ಆಯ್ತು."

ಅವಳು ಗೋಡೆಯ ಗಡಿಯಾರದ ಕಡೆ ತಿರುಗಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಮುಳ್ಳು ನೋಡಲು ಬರುತ್ತಿತ್ತು. ನೋಡಿದಳು. ಫೋಟೋ, ಕಾರ್ಡು ಮತ್ತೆ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು.

"ಹಂಗಾರ ಸರಿ," ಎಂದು ಕೆಲಸಕ್ಕೆ ಹೋದಳು.